ಹಗುರ ರೈಫಲ್ಲಿಗೆ ಅಂಚಿನ ತೋಟಾ: ಯಾವುದು, ಯಾಕೆ?

ಅಕ್ಕನ ಮಗ ಮ್ಯೂನಿಕ್ ಹತ್ತಿರ ಕೆಲಸದಲ್ಲಿದ್ದಾನೆ. ಹೋದ ವರ್ಷ ಅಲ್ಲಿನ ಬೇಟೆ ಪರೀಕ್ಷೆ ಪಾಸು ಮಾಡಿಕೊಂಡ. ಅದು ಸುಮ್ನೆ ಅರ್ಜಿ ಕೊಟ್ಟು ತಗೊಳ್ಳುವ ಕಾಗದ ಅಲ್ಲ. ಪ್ರಾಣಿಗಳ ಬಗ್ಗೆ, ಕಾನೂನಿನ ಬಗ್ಗೆ, ಕೋವಿಯ ಬಗ್ಗೆ ಬರೆಯಬೇಕು, ಎದುರು ಕೂತು ಹೇಳಬೇಕು, ಗುರಿಗೆ ಹೊಡೆದೂ ತೋರಿಸಬೇಕು. ಈಗ ಅವನಿಗೆ ಬೆಟ್ಟ ಹತ್ತುವಾಗ ಹೆಗಲಿಗೆ ಭಾರ ಆಗದ ಒಂದು ರೈಫಲ್ ಬೇಕು. ಶನಿವಾರ ಬೆಳಿಗ್ಗೆ ವಿಡಿಯೋ ಕಾಲ್ ಮಾಡಿದ.

"ಮಾವ, ರೈಫಲ್ ಯಾವುದು ಅಂತ ತೀರ್ಮಾನ ಆಯ್ತು. ನಡು ಮಡಚೋದು, ಒಂದೇ ನಳಿಗೆ, ಒಂದೇ ತೋಟಾ. ಆದ್ರೆ ಯಾವ ತೋಟಾಗೆ ತಗೊಳ್ಳೋದು ಅಂತ ಗೊತ್ತಾಗ್ತಿಲ್ಲ. ಪಟ್ಟಿ ತುಂಬಾ ಹೆಸರಿದೆ, ಅರ್ಧಕ್ಕೆ ಕೊನೇಲಿ ಆರ್ ಅಂತಿದೆ. ಏನಿದು ಆರ್?"

ಆ ಆರ್ ಅಂದರೆ ಜರ್ಮನ್ ಭಾಷೆಯ ರಾಂಡ್. ಅಂಚು ಅಂತ ಅರ್ಥ. ಅವನ ಪ್ರಶ್ನೆಗೆ ಉತ್ತರ ಇರುವುದೂ ಆ ಅಂಚಿನಲ್ಲೇ. ಫೋನಿನಲ್ಲಿ ಒಂದು ಗಂಟೆ ಹೇಳಿದ್ದನ್ನು ಇಲ್ಲಿ ಸಮಾಧಾನವಾಗಿ ಬರೆಯುತ್ತಿದ್ದೇನೆ, ಯಾಕೆಂದರೆ ಕನ್ನಡದಲ್ಲಿ ಇದನ್ನು ಬಿಡಿಸಿ ಹೇಳಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ನನ್ನ ಊರು ತೀರ್ಥಹಳ್ಳಿ ಕಡೆ. ಹೊಟ್ಟೆಪಾಡು ಪೀಣ್ಯದ ಒಂದು ಟೂಲ್ ರೂಮಿನಲ್ಲಿ. ಹಾಗಾಗಿ ಕೋವಿಯ ವಾಸನೆಯೂ ಗೊತ್ತು, ಮೈಕ್ರಾನ್ ಲೆಕ್ಕವೂ ಗೊತ್ತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಬೇಟೆ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಕಾಲ ಮುಗಿಯಿತು. ಮುಗಿದದ್ದು ಒಳ್ಳೆಯದೇ ಆಯಿತು ಅಂತ ನಾನು ಮನಸಾರೆ ನಂಬಿದ್ದೇನೆ. ಬವೇರಿಯಾದ ಕಾಡಿನ ಲೆಕ್ಕ ಬೇರೆ. ಅಲ್ಲಿ ಯಾವ ಪ್ರಾಣಿ, ಯಾವ ತಿಂಗಳು, ಎಷ್ಟು, ಎಲ್ಲದಕ್ಕೂ ಲೆಕ್ಕ ಇದೆ. ಕೆಳಗೆ ಬರೆದಿರುವುದೆಲ್ಲ ಅಲ್ಲಿನ ವಿಷಯ.

ಈಗ ತೋಟಾ. ನಾವು ಮಾತಿನಲ್ಲಿ ತೋಟಾ, ಗುಂಡು ಎರಡನ್ನೂ ಕಲಸಿಬಿಡುತ್ತೇವೆ. ಪೂರ್ತಿ ಪೊಟ್ಟಣಕ್ಕೆ ತೋಟಾ ಅನ್ನೋಣ: ಹಿತ್ತಾಳೆಯ ಕೇಸ್, ಅದರೊಳಗೆ ಮದ್ದು, ತಳದಲ್ಲಿ ಕೇಪು, ಬಾಯಲ್ಲಿ ಗುಂಡು. ಹಾರಿಹೋಗುವುದು ಗುಂಡು ಮಾತ್ರ. ಖಾಲಿ ಕೇಸ್ ನಳಿಗೆಯ ಹಿಂಭಾಗದಲ್ಲೇ ಉಳಿಯುತ್ತದೆ. ತೋಟಾ ಕೂರುವ ಆ ಜಾಗಕ್ಕೆ ಚೇಂಬರ್ ಅಂತಾರೆ. ನಮ್ಮ ಕಥೆ ನಡೆಯುವುದು ಚೇಂಬರ್ ಒಳಗೆ.

ನನ್ನ ಮೇಜಿನ ಮೇಲೆ ಅಜ್ಜನ ಕಾಲದ ಒಂದು ಖಾಲಿ ಹನ್ನೆರಡು ಬೋರ್ ಕೇಸ್ ಇದೆ, ಪೂರ್ತಿ ಹಿತ್ತಾಳೆಯದು. ಪೆನ್ಸಿಲ್ ಮೊಂಡಾದರೆ ಅದರೊಳಗೆ ಹಾಕಿಡುತ್ತೇನೆ. ಅದನ್ನೇ ಕ್ಯಾಮೆರಾ ಮುಂದೆ ಹಿಡಿದೆ. ತಳದ ಸುತ್ತ ಬಳೆಯ ಹಾಗೆ ಒಂದು ಅಂಚು ಹೊರಕ್ಕೆ ಚಾಚಿದೆ, ಉಗುರು ಸಿಕ್ಕಿಸುವಷ್ಟು. ಮಲೆನಾಡಿನ ಮನೆಯಲ್ಲಿ ತೋಟಾಕೋವಿ ನೋಡಿದವರಿಗೆಲ್ಲ ಇದು ಗೊತ್ತು. ಇವನು ಕೇಳಿದ ಆರ್ ಇದೇ.

ಈ ಅಂಚು ಏನು ಮಾಡುತ್ತದೆ ಅಂತ ನೋಡಬೇಕಾದರೆ ಅಡುಗೆಮನೆಗೆ ಹೋಗಿ ಕಾಫಿ ಫಿಲ್ಟರ್ ತಗೊಳ್ಳಿ. ಮೇಲಿನ ಪಾತ್ರೆ ಕೆಳಗಿನ ಪಾತ್ರೆಯೊಳಗೆ ಬಿದ್ದುಹೋಗುವುದಿಲ್ಲ, ಅಲ್ವಾ? ಅದರ ಸುತ್ತ ಉಬ್ಬಿರುವ ಅಂಚು ಕೆಳಗಿನದರ ಬಾಯಿಗೆ ತಾಗಿ ನಿಲ್ಲುತ್ತದೆ. ಎಷ್ಟು ಸಲ ಹಾಕಿದರೂ ಅಷ್ಟೇ ಆಳ. ಒಳಗೆ ಉದ್ದ ಎಷ್ಟಿದೆ, ತಳ ಎಲ್ಲಿದೆ ಅನ್ನುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಅಂಚಿನ ತೋಟಾವೂ ಚೇಂಬರಿನ ಬಾಯಿಗೆ ಹೀಗೇ ತಾಗಿ ನಿಲ್ಲುತ್ತದೆ.

ಅಂಚಿಲ್ಲದ ತೋಟಾ ಬೇರೆ ಥರ. ಅದರ ತಳದಲ್ಲೂ ಒಂದು ಬಳೆ ಇರುತ್ತದೆ, ಆದರೆ ಅದು ಮೈಯಷ್ಟೇ ಅಗಲ. ಬಳೆಗೂ ಮೈಗೂ ಮಧ್ಯೆ ಸುತ್ತಲೂ ಒಂದು ಸಣ್ಣ ತೋಡು ಕೊರೆದಿರುತ್ತಾರೆ. ಹೊರಕ್ಕೆ ಚಾಚಿದ್ದು ಏನೂ ಇಲ್ಲದ ಮೇಲೆ ಅದನ್ನು ನಿಲ್ಲಿಸುವುದು ಯಾವುದು? ಬಾಟಲಿಯ ಹಾಗೆ ಮೈ ಕಿರಿದಾಗುವ ಭುಜ. ಆ ಭುಜ ಚೇಂಬರಿನ ಒಳಗಿನ ಭುಜಕ್ಕೆ ಹೋಗಿ ತಾಗುತ್ತದೆ. ಇದೂ ಒಳ್ಳೆಯ ವಿಧಾನವೇ. ಆದರೆ ಅಳತೆ ಈಗ ಚೇಂಬರಿನ ಆಳದಲ್ಲಿದೆ, ಕಣ್ಣಿಗೆ ಕಾಣುವುದಿಲ್ಲ. ಟೂಲ್ ರೂಮಿನಲ್ಲಿ ಇದ್ದವರಿಗೆ ಒಳಗೆ ಹೋಗಲೇಬೇಕಾದ ಗೋ ಗೇಜ್, ಹೋಗಲೇಬಾರದ ನೋ-ಗೋ ಗೇಜ್ ಅನ್ನುವ ಅಳತೆ ತುಂಡುಗಳು ಗೊತ್ತು. ಕೋವಿ ಮಾಡುವವರೂ ಅದನ್ನೇ ಬಳಸುತ್ತಾರೆ. ತೋಟಾದ ಹಿಂದೆ ಜಾಗ ಜಾಸ್ತಿಯಾದರೆ ಹೊಡೆದಾಗ ಹಿತ್ತಾಳೆ ಹಿಂದಕ್ಕೆ ಎಳೆದುಕೊಳ್ಳುತ್ತದೆ, ತಳದ ಹತ್ತಿರ ತೆಳ್ಳಗಾಗುತ್ತದೆ, ಕೆಟ್ಟ ಗಳಿಗೆಯಲ್ಲಿ ಹರಿಯುತ್ತದೆ. ಅಂಚಿದ್ದರೆ ಆ ಜಾಗವನ್ನು ಕಾಯುವುದು ಒಂದೂವರೆ ಮಿ.ಮೀ. ಹತ್ತಿರದ ಒಂದು ದಪ್ಪ ಅಷ್ಟೇ. ಅಳೆಯುವುದು ಸುಲಭ, ಕಾಪಾಡುವುದೂ ಸುಲಭ.

ಇದು ಮೊದಲನೇ ಕೆಲಸ. ಎರಡನೆಯದು ನನ್ನ ಪ್ರಕಾರ ಇನ್ನೂ ದೊಡ್ಡದು: ಖಾಲಿ ಕೇಸನ್ನು ಹೊರಗೆ ತರುವುದು.

ಬೋಲ್ಟ್ ರೈಫಲ್ಲಿನಲ್ಲಿ, ಅಂದರೆ ಅಗುಳಿಯ ಹಾಗೆ ಹಿಡಿ ಎತ್ತಿ ಹಿಂದೆ ಮುಂದೆ ಎಳೆಯುವ ಜಾತಿಯಲ್ಲಿ, ಹಿಡಿ ಎತ್ತಿದ ಕೂಡಲೇ ಒಂದು ಇಳಿಜಾರು ಮೈ ಕೇಸನ್ನು ಸ್ಕ್ರೂ ಬಿಚ್ಚುವ ಬಲದಲ್ಲಿ ಸಡಿಲ ಮಾಡುತ್ತದೆ. ಅಂಟಿಕೊಂಡ ಕೇಸೂ ಬಿಟ್ಟುಬರುತ್ತದೆ. ನಡು ಮಡಚುವ ಕೋವಿಯಲ್ಲಿ ಆ ಸೌಲಭ್ಯ ಇಲ್ಲ. ನಳಿಗೆ ಬಗ್ಗಿಸಿದಾಗ ಎಕ್ಸ್‌ಟ್ರ್ಯಾಕ್ಟರ್ ಅನ್ನುವ ಒಂದು ಸಣ್ಣ ಉಕ್ಕಿನ ತುಂಡು ಕೇಸನ್ನು ಕೆಲವು ಮಿ.ಮೀ. ಎತ್ತಿಕೊಡುತ್ತದೆ. ಆಮೇಲೆ ಬೆರಳಲ್ಲಿ ತೆಗೆಯುವುದು. ಅಂಚಿನ ತೋಟಾಗೆ ಆ ತುಂಡು ಗಟ್ಟಿಯಾದ ಒಂದು ಮೆಟ್ಟಿಲಿನ ಹಾಗಿದ್ದರೆ ಸಾಕು. ಅಂಚಿನ ಕೆಳಗೆ ಕೂತಿರುತ್ತದೆ, ಎತ್ತುತ್ತದೆ. ಅದರೊಳಗೆ ಆಡುವ ಭಾಗ ಯಾವುದೂ ಇಲ್ಲ. ಅಂಚಿಲ್ಲದ ತೋಟಾಗಾದರೆ ತೋಡಿನೊಳಗೆ ಹೊಕ್ಕು ಹಿಡಿಯಬೇಕು. ಅದಕ್ಕೆ ಸ್ಪ್ರಿಂಗ್ ಇರುವ ಒಂದು ಪುಟ್ಟ ಕೊಕ್ಕೆ ಬೇಕು. ತೋಟಾ ಒಳಗೆ ಹೋಗುವಾಗ ಅದು ಪಕ್ಕಕ್ಕೆ ಸರಿದು, ಆಮೇಲೆ ಟಕ್ ಅಂತ ತೋಡಿಗೆ ಬೀಳಬೇಕು. ಕೊಕ್ಕೆಯಡಿ ಮರಳು ಕೂತರೆ, ಎಣ್ಣೆ ಚಳಿಗೆ ಗಟ್ಟಿಯಾದರೆ, ಸ್ಪ್ರಿಂಗ್ ಸೋತರೆ, ಅದು ತೋಡಿನಿಂದ ಜಾರುತ್ತದೆ. ಆಗ ಕೇಸ್ ಒಳಗೆ, ನೀವು ಹೊರಗೆ. ನಳಿಗೆಯ ಮುಂದಿನಿಂದ ಕಡ್ಡಿ ತೂರಿಸಿ ದೂಡಬೇಕು. ಮೊದಲ ಗುಂಡು ಸರಿಯಾಗಿ ಬೀಳದೆ ಪ್ರಾಣಿ ಗಾಯಗೊಂಡು ನಿಂತಿದೆ, ನಿಮಗೆ ಎರಡನೇ ತೋಟಾ ಹಾಕಲು ಆಗುತ್ತಿಲ್ಲ. ಬೇಟೆಯಲ್ಲಿ ಇದಕ್ಕಿಂತ ಕೆಟ್ಟ ನಿಮಿಷ ಇನ್ನೊಂದಿಲ್ಲ. ಒಂದೇ ತೋಟಾದ ರೈಫಲ್ ಹಿಡಿಯುವವನು ಮೊದಲು ಯೋಚಿಸಬೇಕಾದ್ದು ಇದನ್ನೇ.

ಕೇಸ್ ಸಿಕ್ಕಿಕೊಳ್ಳುವುದು ಎಂದರೇನು ಅಂತ ನನಗೆ ಎಂಟನೇ ಕ್ಲಾಸಿನಲ್ಲೇ ಗೊತ್ತಾಯಿತು. ಅಜ್ಜನಿಗೆ ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಇದ್ದ ಒಂಟಿನಳಿಗೆ ಕೋವಿ. ಆಷಾಢದ ಮಳೆ. ಆಗಿನ ಕೆಲವು ತೋಟಾಗಳ ಮೈ ಕಾಗದದ್ದು, ಥಂಡಿಗೆ ಊದಿಕೊಳ್ಳುತ್ತಿದ್ದವು. ಗದ್ದೆಗೆ ಇಳಿದ ಹಂದಿ ಓಡಿಸಲು ಅಜ್ಜ ಆಕಾಶಕ್ಕೊಂದು ಈಡು ಹಾರಿಸಿದರು. ಕೋವಿ ಮಡಚಿದರೆ ಕೇಸ್ ಬರಲಿಲ್ಲ. ಮೊದಲ ಎಳೆತಕ್ಕೆ ಒಂಚೂರು ಮೇಲೆದ್ದು ನಿಂತುಬಿಟ್ಟಿತು. ಅಜ್ಜ ಜಗಲಿಯಲ್ಲಿ ಕೂತು, ಲಾಟೀನು ಬೆಳಕಿನಲ್ಲಿ, ಮೇಲೆದ್ದ ಅಂಚಿಗೆ ಇಕ್ಕಳ ಹಾಕಿ, ಅತ್ತಿತ್ತ ಅಲ್ಲಾಡಿಸಿ ಎಳೆದರು. ಬಂತು. ಆ ಅಂಚು ಇಲ್ಲದಿದ್ದರೆ ಇಕ್ಕಳಕ್ಕೆ ಹಿಡಿಯಲು ಏನೂ ಸಿಗುತ್ತಿರಲಿಲ್ಲ. ಹಿತ್ತಾಳೆಯ ಆ ಬಳೆಯ ಮೇಲೆ ಇಕ್ಕಳದ ಹಲ್ಲು ಬಿದ್ದ ಗುರುತು ಇವತ್ತಿಗೂ ನನ್ನ ಕಣ್ಣಲ್ಲಿದೆ.

ಹಾಗಾದರೆ ಅಂಚು ಇಷ್ಟು ಒಳ್ಳೆಯದಾಗಿದ್ದರೆ ಎಲ್ಲರೂ ಯಾಕೆ ಬಿಟ್ಟರು? ಕಾರಣ ಮ್ಯಾಗಜೀನ್. ಒಂದರ ಮೇಲೊಂದು ತೋಟಾ ಪೇರಿಸುವ ಪೆಟ್ಟಿಗೆಯಲ್ಲಿ ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿನ ಹಿಂದೆ ಸಿಕ್ಕಿಬಿದ್ದರೆ, ಮುಂದಕ್ಕೆ ತಳ್ಳಿದಾಗ ಎರಡೂ ಕಚ್ಚಿಕೊಂಡು ನಿಲ್ಲುತ್ತವೆ. ತುಂಬುವಾಗ ಪ್ರತಿ ತೋಟಾದ ಅಂಚೂ ಕೆಳಗಿನದರ ಅಂಚಿನ ಮುಂದೆ ಬರುವ ಹಾಗೆ ನೋಡಿಕೊಳ್ಳಬೇಕು. ನಮ್ಮ ಬೆಂಗಳೂರಿನ ಬೇಟೆಗಾರ, ಲೇಖಕ ಕೆನೆತ್ ಆಂಡರ್ಸನ್ ಬಳಸುತ್ತಿದ್ದ ವಿಂಚೆಸ್ಟರ್ .405 ರೈಫಲ್ಲಿಗೂ (ಚುಕ್ಕೆಯ ಮುಂದಿನ ಅಂಕಿ ಇಂಚಿನ ಲೆಕ್ಕದಲ್ಲಿ ಗುಂಡಿನ ದಪ್ಪ, ಸುಮಾರಾಗಿ) ಅಂಚಿನ ತೋಟಾವೇ, ಅದೂ ಪೆಟ್ಟಿಗೆ ಮ್ಯಾಗಜೀನಿನಲ್ಲಿ. ಬ್ರಿಟಿಷರ .303 ಕೂಡ ಅಂಚಿನದೇ, 1888ರಿಂದ. ರಷ್ಯನ್ನರು 1891ರ ತಮ್ಮ ಅಂಚಿನ ತೋಟಾವನ್ನು ಇವತ್ತಿಗೂ ಬಿಟ್ಟಿಲ್ಲ. ಆದರೆ ಜರ್ಮನಿಯ ಸೈನ್ಯ 1888ರಲ್ಲೇ ಅಂಚಿಲ್ಲದ ತೋಟಾಗೆ ಹೋಯಿತು, ಮಿಕ್ಕ ಸೈನ್ಯಗಳು ಒಂದೊಂದಾಗಿ ಹಿಂದೆ ಹೋದವು, ಸೈನ್ಯ ಹೋದ ದಾರಿಯಲ್ಲಿ ತೋಟಾದ ಮಾರುಕಟ್ಟೆಯೂ ಹೋಯಿತು.

ನಡು ಮಡಚುವ ಕೋವಿ ಇಟ್ಟುಕೊಂಡ ಜರ್ಮನ್ ಬೇಟೆಗಾರರು ಮಾತ್ರ ಬಿಡಲಿಲ್ಲ. ಅಂಚಿಲ್ಲದ ಒಂದು ಒಳ್ಳೆಯ ತೋಟಾ ಬಂದರೆ ಸಾಕು, ಅದಕ್ಕೊಂದು ಅಂಚು ಕೂಡಿಸಿ ಜೋಡಿ ಮಾಡಿಬಿಡುತ್ತಿದ್ದರು. 7×57ಕ್ಕೆ 7×57ಆರ್, 6.5×57ಕ್ಕೆ 6.5×57ಆರ್. ಜರ್ಮನ್ ತೋಟಾ ವಿನ್ಯಾಸಕ ವಿಲ್‌ಹೆಲ್ಮ್ ಬ್ರೆನೆಕೆ 1917ರಲ್ಲಿ ತಂದ 7×64ಕ್ಕೆ ಜೋಡಿ 7×65ಆರ್. ಮೊದಲ ಅಂಕಿ ಗುಂಡಿನ ದಪ್ಪ ಸುಮಾರಾಗಿ, ಎರಡನೆಯದು ಕೇಸಿನ ಉದ್ದ, ಎರಡೂ ಮಿ.ಮೀ. ಲೆಕ್ಕ. ಇಷ್ಟು ಗೊತ್ತಾದರೆ ಆ ಪಟ್ಟಿಯ ಅರ್ಧ ಹೆದರಿಕೆ ಹೋಗುತ್ತದೆ.

ನಮ್ಮ ದೇಶದಲ್ಲೂ ಇದರ ಒಂದು ಎಳೆ ಇದೆ. ಸೈನ್ಯದ ಬೋರ್ ಅಂತ .303ಯನ್ನು ಸಾಮಾನ್ಯ ಲೈಸೆನ್ಸಿಗೆ ಕೊಡುವುದಿಲ್ಲ. ಅದರ ಬದಲು ಇಶಾಪುರದ ಸರ್ಕಾರಿ ಕಾರ್ಖಾನೆ ಮಾಡುತ್ತಾ ಬಂದದ್ದು .315 ರೈಫಲ್. ಅದರ ತೋಟಾದ ಮೂಲ ಆಸ್ಟ್ರಿಯಾದ 8×50ಆರ್ ಮ್ಯಾನ್ಲಿಕರ್. ಅಲ್ಲೂ ಕೊನೆಗೆ ಅದೇ ಆರ್.

ಇನ್ನು ಒತ್ತಡ. ಮದ್ದು ಉರಿದಾಗ ಕೇಸಿನೊಳಗೆ ಹುಟ್ಟುವ ಅನಿಲ ಗುಂಡನ್ನು ಮುಂದಕ್ಕೆ ತಳ್ಳುತ್ತದೆ. ಅದೇ ಒತ್ತಡದಲ್ಲಿ ಕೇಸಿನ ತಳವನ್ನು ಹಿಂದಕ್ಕೂ ತಳ್ಳುತ್ತದೆ. 7×57ಆರ್‌ಗೆ ಯುರೋಪಿನ ನಿಯಮ ಗರಿಷ್ಠ 3400 ಬಾರ್ ಅನ್ನುತ್ತದೆ. ಒಂದು ಬಾರ್ ಅಂದರೆ ಒಂದು ಚದರ ಸೆಂ.ಮೀ. ಮೇಲೆ ಸುಮಾರು ಒಂದು ಕೆ.ಜಿ. ಭಾರ. ಕೇಸಿನ ಒಳತಳದ ವಿಸ್ತೀರ್ಣ ಒಂದು ಚದರ ಸೆಂ.ಮೀ.ಗಿಂತ ಸ್ವಲ್ಪ ಕಡಿಮೆ ಅಂತಿಟ್ಟುಕೊಂಡು ಗುಣಿಸಿ ನೋಡಿ, ಹಿಂದಕ್ಕೆ ಬೀಳುವ ತಳ್ಳು ಸುಮಾರು ಮೂರು ಟನ್ ಬರುತ್ತದೆ. ಸಕ್ರೆಬೈಲಿನಲ್ಲಿ ತುಂಗಾ ನೀರಿಗೆ ಇಳಿಯುವ ಒಂದು ಹೆಣ್ಣಾನೆಯ ತೂಕ, ಸೆಕೆಂಡಿನ ಸಾವಿರದ ಒಂದೆರಡು ಭಾಗದಷ್ಟು ಹೊತ್ತು. ಬೋಲ್ಟ್ ರೈಫಲ್ಲಿನಲ್ಲಿ ಇದನ್ನು ತಡೆಯುವ ಹಲ್ಲುಗಳು ತೋಟಾದ ಬೆನ್ನಿಗೇ ಇರುತ್ತವೆ. ಹಳೇ ಮಾದರಿಯ ಮಡಚುವ ಕೋವಿಯಲ್ಲಿ ನಳಿಗೆಯ ಕೆಳಗಿನ ಗೂಟ, ಚಿಲಕ, ಕೀಲುಪಿನ್ನು ಸೇರಿ ತಡೆಯಬೇಕು. ಬಾಗಿಲಿನ ಕೀಲಿನ ಹಾಗೆ, ಸಾವಿರ ಸಲ ಬಡಿದರೆ ಅಲ್ಲೊಂದು ಸಡಿಲ ಬರುತ್ತದೆ.

ಅದಕ್ಕೇ ಅಂಚಿನ ಜೋಡಿಗಳನ್ನು ಬೇಕಂತಲೇ ಮೆತ್ತಗೆ ಇಟ್ಟಿದ್ದಾರೆ. ಅಂಚಿಲ್ಲದ 7×57ಕ್ಕೆ 3900 ಬಾರ್, ಅಂಚಿನದಕ್ಕೆ 3400. 7×64ಕ್ಕೆ 4150, 7×65ಆರ್‌ಗೆ 3800. 6.5×57ಕ್ಕೆ 3900, ಅದರ ಅಂಚಿನ ಜೋಡಿಗೆ 3300. ಇದರಲ್ಲಿ ನಷ್ಟ ಏನು? ವೇಗದಲ್ಲಿ ಸ್ವಲ್ಪ. ಲಾಭ ಏನು? ಕೇಸ್ ಚೇಂಬರಿನ ಗೋಡೆಗೆ ಅಂಟುವುದು ಕಡಿಮೆ, ಎಕ್ಸ್‌ಟ್ರ್ಯಾಕ್ಟರಿಗೆ ಕೆಲಸ ಹಗುರ, ಕೀಲಿಗೆ ಆಯಸ್ಸು ಜಾಸ್ತಿ. ಬಿಸಿಲಿನಲ್ಲಿ ಬಿಟ್ಟ ತೋಟಾದಲ್ಲಿ ಮದ್ದಿನ ಒತ್ತಡ ಏರುತ್ತದೆ, ಆಗಲೂ ಕೈಯಲ್ಲಿ ಒಂದಿಷ್ಟು ಉಳಿಕೆ ಇರುತ್ತದೆ. ಪುಸ್ತಕದ ಅಂಕಿ ಮಾತ್ರ ನೋಡುವವರು ಈ 500 ಬಾರ್ ಕೊರತೆಯನ್ನು ದೌರ್ಬಲ್ಯ ಅಂತಾರೆ. ನಾನು ಅದನ್ನೇ ಒಳ್ಳೆಯ ಗುಣ ಅಂತೀನಿ.

ಈಗ ಹಗುರ ಅನ್ನುವ ಮಾತಿಗೆ ಬರೋಣ. ಹುಡುಗ ಎಡವಲು ಹೊರಟಿದ್ದೇ ಇಲ್ಲಿ. ಈ ಜಾತಿಯ ರೈಫಲ್ ಎರಡೂವರೆ ಕೆ.ಜಿ. ಸುತ್ತಮುತ್ತ ಇರುತ್ತದೆ. ಬೋಲ್ಟ್ ಓಡಾಡುವ ಉದ್ದ ಇಲ್ಲದ್ದರಿಂದ ನಳಿಗೆ 60 ಸೆಂ.ಮೀ. ಇದ್ದರೂ ಒಟ್ಟು ಉದ್ದ ಬೋಲ್ಟ್ ರೈಫಲ್ಲಿಗಿಂತ ಸುಮಾರು ಹತ್ತು ಸೆಂ.ಮೀ. ಕಡಿಮೆ. ಎರಡು ತುಂಡು ಮಾಡಿ ಬೆನ್ನುಚೀಲಕ್ಕೂ ಹಾಕಬಹುದು. ಆಲ್ಪ್ಸ್ ಬೆಟ್ಟದಲ್ಲಿ ಸಾವಿರ ಮೀಟರ್ ಏರುವವನಿಗೆ ಇದು ಸಣ್ಣ ಸುಖ ಅಲ್ಲ. ಆದರೆ ತೂಕ ಹೋದ ಕಡೆ ಒದೆತ ಬರುತ್ತದೆ.

ಒದೆತದ ಲೆಕ್ಕ ಕಷ್ಟ ಏನಿಲ್ಲ. ಗುಂಡಿನ ತೂಕವನ್ನು ಅದರ ವೇಗದಿಂದ ಗುಣಿಸಿ. ಮದ್ದೂ ಅನಿಲವಾಗಿ ಮುಂದಕ್ಕೇ ಹೋಗುತ್ತದೆ, ಅದರ ವೇಗ ಸೆಕೆಂಡಿಗೆ 1200 ಮೀಟರ್ ಅಂತ ಹಿಡಿದರೆ ಅಂದಾಜಿಗೆ ಸಾಕು. ಅದನ್ನೂ ಗುಣಿಸಿ ಕೂಡಿಸಿ. ಬಂದದ್ದನ್ನು ರೈಫಲ್ಲಿನ ತೂಕದಿಂದ ಭಾಗಿಸಿದರೆ ರೈಫಲ್ ನಿಮ್ಮ ಭುಜದ ಕಡೆ ಎಷ್ಟು ವೇಗದಲ್ಲಿ ಬರುತ್ತದೆ ಅಂತ ಸಿಗುತ್ತದೆ. ದುರ್ಬೀನು ಸೇರಿ ಮೂರು ಕೆ.ಜಿ. ಅಂತಿಟ್ಟುಕೊಳ್ಳಿ. 7×57ಆರ್‌ನಲ್ಲಿ 9 ಗ್ರಾಂ ಗುಂಡು 800 ಮೀಟರ್ ವೇಗದಲ್ಲಿ, ಮದ್ದು ಸುಮಾರು 3 ಗ್ರಾಂ. ರೈಫಲ್ ಸೆಕೆಂಡಿಗೆ 3.6 ಮೀಟರ್ ವೇಗದಲ್ಲಿ ಹಿಂದೆ ಬರುತ್ತದೆ, ಶಕ್ತಿ 19 ಜೂಲ್. ಎರಡು ಕೆ.ಜಿ. ಸಕ್ಕರೆ ಪ್ಯಾಕೆಟ್ ಒಂದು ಮೀಟರ್ ಎತ್ತರದಿಂದ ಬಿದ್ದ ಹಾಗೆ. ಅದೇ ತೋಟಾ ನಾಲ್ಕು ಕೆ.ಜಿ. ರೈಫಲ್ಲಿನಲ್ಲಿದ್ದರೆ 15 ಜೂಲ್ ಹತ್ತಿರ ಇರುತ್ತಿತ್ತು.

ಮೇಲೆ ಹೋಗಿ. 7×65ಆರ್‌ನಲ್ಲಿ 10 ಗ್ರಾಂ ಗುಂಡು, 860 ಮೀಟರ್ ವೇಗ: ಇದೇ ಮೂರು ಕೆ.ಜಿ.ಗೆ 27 ಜೂಲ್. 1990ರ ಆಸುಪಾಸಿನಲ್ಲಿ ಬಂದ .30ಆರ್ ಬ್ಲೇಸರ್: 37 ಜೂಲ್ ಮುಟ್ಟುತ್ತದೆ. ಭಾರೀ ಪ್ರಾಣಿಗಳಿಗೆ ಅಂತ ನೂರು ವರ್ಷದಿಂದ ಹೆಸರು ಮಾಡಿರುವ 9.3×74ಆರ್, 18.5 ಗ್ರಾಂ ಗುಂಡು: 50 ಜೂಲ್ ದಾಟುತ್ತದೆ. ಅಂದರೆ ಐದು ಕೆ.ಜಿ. ಅಕ್ಕಿ ಚೀಲ ಮೀಟರ್ ಎತ್ತರದಿಂದ ಭುಜದ ಮೇಲೆ, ಹುಬ್ಬಿನಿಂದ ಒಂಬತ್ತು ಸೆಂ.ಮೀ. ದೂರದಲ್ಲಿ ದುರ್ಬೀನಿನ ಲೋಹದ ಬಳೆ. ಇದು ಒಂದು ಸಲಕ್ಕೆ ತಡೆದುಕೊಳ್ಳಬಹುದು. ಕಷ್ಟ ಎರಡನೇ ಸಲದ್ದು. ಮೈ ಒದೆತವನ್ನು ನೆನಪಿಟ್ಟುಕೊಳ್ಳುತ್ತದೆ. ಟ್ರಿಗರ್ ಮೇಲೆ ಬೆರಳು ಹೋದಾಗ ಕಣ್ಣು ತಾನಾಗಿ ಮುಚ್ಚುತ್ತದೆ, ಭುಜ ಬಿಗಿಯುತ್ತದೆ, ಗುಂಡು ಒಂದು ಗೇಣು ಆಚೆ ಬೀಳುತ್ತದೆ. ಒಂದೇ ತೋಟಾದವನಿಗೆ ಒಂದು ಗೇಣು ಅಂದರೆ ಕಾಡೆಲ್ಲ ರಾತ್ರಿ ಹುಡುಕಬೇಕಾದ ಗಾಯಗೊಂಡ ಪ್ರಾಣಿ.

ಹುಡುಗನ ಮನಸ್ಸು .30ಆರ್ ಮೇಲೆ ಕೂತಿತ್ತು. "ಜಾಸ್ತಿ ಪವರ್ ಇದ್ರೆ ಸೇಫ್ ಅಲ್ವಾ ಮಾವ?" ಅಂದ. ಅಲ್ಲ ಕಣೋ. ಗುಂಡು ಬೀಳಬೇಕಾದ ಜಾಗದಲ್ಲಿ ಬೀಳುವುದೇ ಸೇಫ್.

ಅಲ್ಲಿನ ಕಾನೂನು ಈ ಆಯ್ಕೆಯನ್ನು ಅರ್ಧ ಸುಲಭ ಮಾಡಿಕೊಡುತ್ತದೆ. ಜರ್ಮನಿಯಲ್ಲಿ ರೋ ಅನ್ನುವ ಚಿಕ್ಕ ಜಿಂಕೆಗೆ, ಅದು ಇಪ್ಪತ್ತು ಇಪ್ಪತ್ತೈದು ಕೆ.ಜಿ. ಪ್ರಾಣಿ, 100 ಮೀಟರಿನಲ್ಲಿ ಗುಂಡಿಗೆ ಕನಿಷ್ಠ 1000 ಜೂಲ್ ಇರಬೇಕು. ಕೆಂಪು ಜಿಂಕೆ, ಕಾಡುಹಂದಿ, ಬೆಟ್ಟದ ಶಾಮ್ವಾ ಇಂಥ ಮಿಕ್ಕ ಗೊರಸಿನ ಪ್ರಾಣಿಗಳಿಗೆ ಗುಂಡು ಕನಿಷ್ಠ 6.5 ಮಿ.ಮೀ. ಇರಬೇಕು, 100 ಮೀಟರಿನಲ್ಲಿ 2000 ಜೂಲ್ ಉಳಿದಿರಬೇಕು. ಅಲ್ಲಿಗೆ 5.6 ಮಿ.ಮೀ. ತೋಟಾಗಳು ರೋ ಜಿಂಕೆಗೆ ಮಾತ್ರ ಸೀಮಿತ ಆಗುತ್ತವೆ. 5.6×50ಆರ್ ಮ್ಯಾಗ್ನಮ್ ಬಹಳ ಮುದ್ದಾದ ತೋಟಾ, ಒದೆತವೇ ಇಲ್ಲ ಅನ್ನಬಹುದು. ಆದರೆ ರೋ ಕಾಯುತ್ತಾ ಕೂತಾಗ ಹಂದಿ ಬಂದರೆ ಕೈಕಟ್ಟಿ ಕೂರಬೇಕು. ಒಂದೇ ರೈಫಲ್ ಕೊಳ್ಳುವವನಿಗೆ ಅದು ಬೇಡ.

ಆಮೇಲೆ ಉಳಿಯುವುದು 6.5×57ಆರ್, 7×57ಆರ್, 7×65ಆರ್, ಮತ್ತು 8 ಮಿ.ಮೀ.ನ 8×57ಐಆರ್‌ಎಸ್. ಮೊದಲನೆಯದರ ಒದೆತ 17 ಜೂಲ್ ಹತ್ತಿರ, ಕಾನೂನಿನ ಗೆರೆಯನ್ನೂ ದಾಟುತ್ತದೆ. ಆದರೆ ದೊಡ್ಡ ಕೆಂಪು ಗಂಡುಜಿಂಕೆಗೆ ನನಗೆ ಅದು ಸ್ವಲ್ಪ ಬಿಗಿ ಅನ್ನಿಸುತ್ತದೆ. ಶಾಮ್ವಾ, ರೋ ಎರಡೇ ಆದರೆ ಕಣ್ಣುಮುಚ್ಚಿ ತಗೊಳ್ಳಬಹುದು. 8 ಮಿ.ಮೀ.ನದು ಕಾಡೊಳಗೆ ನೂರು ಮೀಟರಿನೊಳಗಿನ ಹಂದಿಗೆ ಚೆನ್ನ, ಬೆಟ್ಟದ ಬಯಲಿಗೆ ಅಷ್ಟಿಲ್ಲ. ಕೊನೆಗೆ ಜಗಳ ಇರುವುದು ಎರಡು ಏಳರ ಮಧ್ಯೆ.

7×65ಆರ್ ಪರ ಮಾತಾಡುವವರು ದೂರದ ಮಾತಾಡುತ್ತಾರೆ. ಸರಿ, ಲೆಕ್ಕ ಹಾಕೋಣ. ಎರಡನ್ನೂ 100 ಮೀಟರಿಗೆ ಗುರಿ ಹೊಂದಿಸಿದರೆ 200 ಮೀಟರಿನಲ್ಲಿ ಎರಡರ ಬೀಳುವಿಕೆಗೆ ಇರುವ ವ್ಯತ್ಯಾಸ ಮೂರು ನಾಲ್ಕು ಸೆಂ.ಮೀ. ಅಷ್ಟೇ, ಎರಡು ಬೆರಳಿನ ಅಗಲ. 300 ಮೀಟರಿಗೆ ಹೋದರೆ ಅಂತರ ಹೆಚ್ಚುತ್ತದೆ, ನಿಜ. ಆದರೆ ಹೊಸದಾಗಿ ಲೈಸೆನ್ಸ್ ತಗೊಂಡವನು ಹೊಸ ರೈಫಲ್ಲಿನಲ್ಲಿ ಮೊದಲ ಮೂರು ವರ್ಷ 200 ಮೀಟರ್ ದಾಟಿ ಹೊಡೆಯಲೇಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹತ್ತಿರ ಹೋಗುವುದನ್ನು ಮೊದಲು ಕಲಿಯಲಿ. ಆ ಎರಡು ಬೆರಳಿಗೋಸ್ಕರ ಪ್ರತಿ ಸಲ ಎಂಟು ಜೂಲ್ ಜಾಸ್ತಿ ಒದೆತ ತಿನ್ನಬೇಕಾ? ನನ್ನ ಓಟು 7×57ಆರ್‌ಗೆ. ಅವನಿಗೂ ಅದನ್ನೇ ಹೇಳಿದೆ. ಜೆಕ್ ದೇಶದ ಸೆಲಿಯರ್ ಅಂಡ್ ಬೆಲೊ ಇಂದ ಹಿಡಿದು ಜರ್ಮನಿಯ ಆರ್‌ಡಬ್ಲ್ಯುಎಸ್‌ವರೆಗೆ ಹಲವರು ಅದನ್ನು ಮಾಡುತ್ತಾರೆ, ಹಾಗಾಗಿ ಅಲ್ಲಿ ಸಿಗದೆ ಹೋಗುವ ಭಯ ಇಲ್ಲ.

ಅಮೆರಿಕದಲ್ಲಿ ಇದ್ದಿದ್ದರೆ ಮಾತು ಬೇರೆ. ಅಲ್ಲಿ ಅಂಚಿನ ತೋಟಾ ಅಂದರೆ 1895ರ .30-30, ಇಲ್ಲವೇ 1873ರ .45-70. ಎರಡೂ ಎಲ್ಲಾ ಕಡೆ ಸಿಗುತ್ತವೆ. .30-30 ಹಗುರ ರೈಫಲ್ಲಿಗೆ ಹೇಳಿ ಮಾಡಿಸಿದಂತಿದೆ. .45-70ರ ಜಾಸ್ತಿ ಒತ್ತಡದ ತೋಟಾಗಳನ್ನು ಎರಡೂವರೆ ಕೆ.ಜಿ. ರೈಫಲ್ಲಿನಲ್ಲಿ ಹೊಡೆಯಬೇಡಿ, ಅಷ್ಟು ಹೇಳಿದರೆ ಸಾಕು.

ಅಂಚಿಲ್ಲದ್ದಕ್ಕೂ ನ್ಯಾಯ ಹೇಳಬೇಕು. ಇವತ್ತಿನ ಒಳ್ಳೆಯ ಮಡಚುವ ರೈಫಲ್ಲುಗಳಲ್ಲಿ ಆ ಸ್ಪ್ರಿಂಗ್ ಕೊಕ್ಕೆ ಚೆನ್ನಾಗೇ ಕೆಲಸ ಮಾಡುತ್ತದೆ. .308 ತೋಟಾ ಅಗ್ಗ, ಯಾವ ಊರಿನ ಅಂಗಡಿಯಲ್ಲೂ ಇರುತ್ತದೆ, ಗುಂಡಿನ ಆಯ್ಕೆಯೂ ಜಾಸ್ತಿ. ಹೊಸ ರೈಫಲ್ಲುಗಳ ಬೀಗ ಈಗ ಅಷ್ಟು ಒತ್ತಡ ತಡೆಯುವ ಹಾಗೇ ಇದೆ. ಮನೆಯಲ್ಲಿ ಆಗಲೇ .308ರ ಬೋಲ್ಟ್ ರೈಫಲ್ ಇದ್ದವನು ಅದೇ ತೋಟಾದ ಮಡಚುವ ರೈಫಲ್ ತಗೊಂಡರೆ ತಪ್ಪು ಅನ್ನಲಾರೆ. ಪ್ರತಿ ಸಲ ಮನೆಗೆ ಬಂದ ಮೇಲೆ ಆ ಕೊಕ್ಕೆಯ ಸಂದಿಯನ್ನು ಬ್ರಷ್ ಹಾಕಿ ತೆಗೆಯುವ ಶಿಸ್ತು ಇರಬೇಕು. ನಮ್ಮ ಹುಡುಗ ಕಾಫಿ ಲೋಟವನ್ನೇ ತೊಳೆದಿಡುವುದಿಲ್ಲ, ಅವರಮ್ಮನಿಗೆ ಗೊತ್ತು. ಅವನಿಗೆ ಆಡುವ ಭಾಗ ಕಡಿಮೆ ಇದ್ದಷ್ಟೂ ಒಳ್ಳೆಯದು. ಇನ್ನೊಂದು, ಮುಂಜಾನೆ ಕತ್ತಲಲ್ಲಿ, ಕೈಗೆ ದಪ್ಪ ಗ್ಲೌಸ್ ಹಾಕಿಕೊಂಡು ತುಂಬುವಾಗ ಅಂಚಿನ ತೋಟಾ ಬಿಟ್ಟರೆ ಸಾಕು, ಜಾರಿ ಹೋಗಿ ಅಂಚಿಗೆ ನಿಲ್ಲುತ್ತದೆ. ಅಂಚಿಲ್ಲದ್ದನ್ನು ಕೊಕ್ಕೆ ದಾಟುವವರೆಗೆ ಹೆಬ್ಬೆರಳಲ್ಲಿ ಒತ್ತಬೇಕು.

ಹಳೇ ಕೋವಿ ಕೊಳ್ಳುವ ಯೋಚನೆ ಇದ್ದರೆ ಒಂದು ಅಕ್ಷರದ ಮೇಲೆ ಕಣ್ಣಿಡಿ. 8×57ಐಆರ್ ಬೇರೆ, 8×57ಐಆರ್‌ಎಸ್ ಬೇರೆ. ಮೊದಲನೆಯದರ ಗುಂಡು .318 ಇಂಚು, ಎರಡನೆಯದರದ್ದು .323 ಇಂಚು. ದಪ್ಪ ಗುಂಡನ್ನು ಸಣ್ಣ ನಳಿಗೆಯಲ್ಲಿ ತುರುಕಿದರೆ ಒತ್ತಡ ಅಪಾಯದ ಮಟ್ಟಕ್ಕೆ ಏರುತ್ತದೆ. ನಳಿಗೆಯ ಮೇಲಿನ ಮುದ್ರೆ ಓದಿ. ಓದಲು ಆಗದಷ್ಟು ಸವೆದಿದ್ದರೆ ಗನ್‌ಸ್ಮಿತ್ ಹತ್ತಿರ ಅಳತೆ ತೆಗೆಸದೆ ಒಂದು ತೋಟಾವನ್ನೂ ಹಾಕಬೇಡಿ.

ಗುಂಡಿನ ಲೋಹದ ವಿಷಯವನ್ನೂ ಈಗ ಬಿಡುವ ಹಾಗಿಲ್ಲ. ಜರ್ಮನಿಯ ಹಲವು ರಾಜ್ಯಗಳಲ್ಲಿ ಬೇಟೆಗೆ ಸೀಸದ ಗುಂಡು ನಿಷೇಧ. ತಾಮ್ರ ಸೀಸಕ್ಕಿಂತ ಹಗುರ, ಆದ್ದರಿಂದ ಅಷ್ಟೇ ತೂಕದ ತಾಮ್ರದ ಗುಂಡು ಉದ್ದವಾಗುತ್ತದೆ. ಉದ್ದ ಗುಂಡು ನೆಟ್ಟಗೆ ಹಾರಬೇಕಾದರೆ ಜಾಸ್ತಿ ತಿರುಗಬೇಕು, ಇಲ್ಲವೇ ತೂಕ ಒಂದು ಹಂತ ಕಡಿಮೆ ಮಾಡಬೇಕು. ಏಳರಲ್ಲಿ 8 ರಿಂದ 9 ಗ್ರಾಂ ತಾಮ್ರದ ಗುಂಡು ಸಾಮಾನ್ಯವಾಗಿ ಹೊಂದುತ್ತದೆ. ಯಾವ ಕಂಪನಿಯದ್ದು ನಿಮ್ಮ ನಳಿಗೆಗೆ ಒಗ್ಗುತ್ತದೆ ಅನ್ನುವುದು ಹೊಡೆದು ನೋಡಿದರೆ ಮಾತ್ರ ಗೊತ್ತಾಗುವುದು. ಮೂರು ಬೇರೆ ಬೇರೆ ಪೆಟ್ಟಿಗೆ ತಂದು ರೇಂಜಿನಲ್ಲಿ ಹೊಡೆಯಲು ಹೇಳಿದ್ದೇನೆ. ಹೊಡೆಯುವಾಗ ಅವಸರ ಬೇಡ. ಹಗುರ ನಳಿಗೆ ತೆಳ್ಳಗಿರುತ್ತದೆ, ಮೂರು ಈಡಿಗೆ ಬಿಸಿಯಾಗಿ ಗುರಿ ಸರಿಯಲು ಶುರುವಾಗುತ್ತದೆ. ಮೂರು ಹೊಡಿ, ಕೋವಿ ಮಡಚಿ ಇಡು, ಒಂದು ಕಾಫಿ ಕುಡಿದು ಬಾ. ಬೇಟೆಯಲ್ಲಿ ಲೆಕ್ಕಕ್ಕೆ ಬರುವುದು ತಣ್ಣಗಿನ ನಳಿಗೆಯ ಮೊದಲ ಗುಂಡು. ಆದ್ದರಿಂದ ಬೇರೆ ಬೇರೆ ದಿನ ಹೋಗಿ ಒಂದೊಂದೇ ಹೊಡೆದು, ಅದೇ ಹಾಳೆಯ ಮೇಲೆ ಗುರುತು ಮಾಡಿಟ್ಟುಕೋ ಅಂದೆ.

ಮೊನ್ನೆ ಮೆಸೇಜ್ ಬಂತು. 7×57ಆರ್ ಆರ್ಡರ್ ಕೊಟ್ಟಿದ್ದಾನೆ. ದೀಪಾವಳಿಗೆ ಊರಿಗೆ ಬರುವಾಗ ನಿಮ್ಮ ಪೆನ್ಸಿಲ್ ಡಬ್ಬಿ ಪಕ್ಕ ಇಡಲು ಒಂದು ತೋಟಾ ತರಲಾ ಮಾವ ಅಂತ ಕೇಳಿದ. ಕೂಡಲೇ ಫೋನ್ ಮಾಡಿದೆ. ವಿದೇಶದಲ್ಲಿ ಬೇಟೆ ಮಾಡುವ ನಮ್ಮ ಹುಡುಗರೆಲ್ಲ ಇದನ್ನು ತಿಳಿದಿರಬೇಕು: ಲೈಸೆನ್ಸ್ ಇಲ್ಲದೆ ಒಂದೇ ಒಂದು ತೋಟಾ ಬ್ಯಾಗಿನಲ್ಲಿ ಸಿಕ್ಕರೂ ಇಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ. ದೇವನಹಳ್ಳಿಯಲ್ಲಿ ವಿಮಾನ ಇಳಿದು ಮನೆಗೆ ಬರುವ ಬದಲು ಸ್ಟೇಷನ್‌ಗೆ ಹೋಗಬೇಕಾಗುತ್ತದೆ. ಬೇಟೆಗೆ ಹಾಕುವ ಜಾಕೆಟ್ಟಿನ ಜೇಬಿನಲ್ಲಿ ಮರೆತ ಒಂದು ತೋಟಾ ಸಾಕು ಇದಕ್ಕೆ. ಆ ಜಾಕೆಟ್ಟನ್ನೇ ತರಬೇಡ, ಬೇರೆ ಚೀಲ ತಗೊಂಡು ಬಾ, ತೋಟಾದ ಬದಲು ಅದರ ಅಂಚಿನ ಅಳತೆ ತೆಗೆದು ಫೋಟೋ ಕಳಿಸು ಅಂದೆ.

ನಿನ್ನೆ ರಾತ್ರಿ ಕಳಿಸಿದ್ದಾನೆ. ರೈಫಲ್ ಇನ್ನೂ ಕೈಗೆ ಬಂದಿಲ್ಲ, ಅವನ ಗುರುಗಳ ಹತ್ತಿರ ಖಾಲಿ ಕೇಸ್ ಒಂದನ್ನು ಇಸ್ಕೊಂಡಿದ್ದಾನೆ. ವರ್ನಿಯರ್ ದವಡೆಯಲ್ಲಿ ಹಿತ್ತಾಳೆಯ ತಳ. ಮೈ 12 ಮಿ.ಮೀ., ಅಂಚು ಹದಿಮೂರಕ್ಕಿಂತ ಚೂರು ಮೇಲೆ. ವರ್ನಿಯರನ್ನು ಒಂಚೂರು ಓರೆ ಹಿಡಿದಿದ್ದಾನೆ, ಅದನ್ನೂ ಹೇಳಿ ಕಳಿಸಿದೆ.